ವರ್ಗಣಿ ಕೊಟ್ಟವರ ನಂಬಿಕೆ

‘ಯಾವುದಾದರೂ ಒಳ್ಳೆಯ ಪುಸ್ತಕವಿದ್ದರೆ ಹೇಳಿ’ ಎಂದು ಕೇಳುವುದು ಸುಲಭ. ಹೇಳುವುದು ಮಾತ್ರ ಕಷ್ಟ. ಹೇಳಿದವರ ಮೇಲಿನ ವಿಶ್ವಾಸದಿಂದ ಓದುಗ ಹಣ ಕೊಟ್ಟು ಕೊಳ್ಳುತ್ತಾನೆ, ನಾಲ್ಕು ರಾತ್ರಿ ನಿದ್ದೆಗೆಟ್ಟು ಓದುತ್ತಾನೆ. ಪುಸ್ತಕ ಹಿಡಿಸದೇ ಹೋದರೆ ಬರೆದವನನ್ನು ಬಯ್ಯುವುದಕ್ಕಿಂತ ಮೊದಲು ಹೇಳಿದವನನ್ನೇ ಬಯ್ಯುತ್ತಾನೆ. ಕನ್ನಡದಲ್ಲಿ ಈ ಹೊಣೆಯನ್ನು ಯಾರು ಯಾರು ಹೊತ್ತರು ಎಂದು ಹುಡುಕಹೊರಟರೆ ಕತೆ ಧಾರವಾಡದ ಕಡೆಗೆ ಹೊರಳುತ್ತದೆ.

‘ಹೊತ್ತರು’ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಮುಂಬಯಿ ಪ್ರಾಂತದಲ್ಲಿದ್ದ ಆ ಭಾಗದಲ್ಲಿ ಆಗ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಅಕ್ಷರಸ್ಥರು ಓದುತ್ತಿದ್ದುದು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು. ಅದೇ ಆಪಟೆಯವರನ್ನು ಗಳಗನಾಥರು ಕನ್ನಡಕ್ಕೆ ತಂದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಓದುಗರನ್ನು ಕಟ್ಟಿದರು. ಲೇಖಕ, ಅನುವಾದಕ, ಮಾರಾಟಗಾರ, ಶಿಫಾರಸು ಮಾಡುವವ ಎಲ್ಲವೂ ಒಬ್ಬರೇ! ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತ ಮನುಷ್ಯನೇ ಪುಸ್ತಕಕ್ಕೆ ಜಾಮೀನು.

ಈ ವೈಯಕ್ತಿಕ ಜಾಮೀನನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿದವರು ಜಿ.ಬಿ. ಜೋಶಿ. ‘ಜಡಭರತ’ ಎಂಬ ಕಾವ್ಯನಾಮದಲ್ಲಿ ನಾಟಕಗಳನ್ನು ಬರೆದ ಇವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಪದ್ಧತಿ ಸರಳವಾಗಿತ್ತು. ಓದುಗ ವರ್ಷದ ಚಂದಾ, ಆ ಕಡೆಯ ಮಾತಿನಲ್ಲಿ ವರ್ಗಣಿ, ಮುಂಗಡವಾಗಿ ಕೊಡಬೇಕು. ಮಾಲೆ ಅವನಿಗೆ ವರ್ಷವಿಡೀ ಪುಸ್ತಕ ಕಳಿಸುತ್ತದೆ. ಯಾವ ಪುಸ್ತಕ ಎಂಬುದನ್ನು ನಿರ್ಧರಿಸುವವರು ಮಾಲೆಯವರು, ಓದುಗನಲ್ಲ.

ವ್ಯಾಪಾರದ ದೃಷ್ಟಿಯಿಂದ ಇದರ ಲಾಭ ಗೊತ್ತಾಗುವಂಥದೇ. ಅಚ್ಚಿಗೆ, ಕಾಗದಕ್ಕೆ ಬೇಕಾದ ಹಣ ಮೊದಲೇ ಕೈಸೇರುತ್ತದೆ, ಎಷ್ಟು ಪ್ರತಿ ತೆಗೆಯಬೇಕು ಎಂಬ ಅಂದಾಜು ಸಿಗುತ್ತದೆ. ಪುಸ್ತಕದ ಅಂಗಡಿಗಳೇ ವಿರಳವಾಗಿದ್ದ ಕಾಲದಲ್ಲಿ ಸಣ್ಣ ಊರಿನ ಮಾಸ್ತರರಿಗೂ ವಕೀಲರಿಗೂ ಹೊಸ ಪುಸ್ತಕ ಮನೆಗೇ ಬರುತ್ತಿತ್ತು. ಆದರೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಕಂಡಿಲ್ಲದ, ಹೆಸರನ್ನೂ ಕೇಳಿಲ್ಲದ ಪುಸ್ತಕಕ್ಕೆ ಓದುಗ ದುಡ್ಡು ಕೊಡುತ್ತಿದ್ದ. ಕೊಟ್ಟದ್ದು ಪುಸ್ತಕಕ್ಕಲ್ಲ, ಆರಿಸುವವರ ಅಭಿರುಚಿಗೆ. ನಂಬಿಕೆ ಒಮ್ಮೆ ಮುರಿದರೆ ಮುಂದಿನ ವರ್ಷ ವರ್ಗಣಿ ಬರುವುದಿಲ್ಲ. ಓದುಗನನ್ನು ಮೆಚ್ಚಿಸಲೆಂದೇ ಹೊರಟರೆ ಹೊಸದೇನೂ ಹುಟ್ಟುವುದಿಲ್ಲ. ಈ ಇಕ್ಕಟ್ಟಿನ ನಡುವೆಯೇ ಮಾಲೆ ನಡೆಯಬೇಕಿತ್ತು.

ಅಟ್ಟದ ಮೇಲಿನ ಹರಟೆ

ಧಾರವಾಡದ ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಮಾಲೆಯ ಕಚೇರಿಗೆ ಸಾಹಿತ್ಯವಲಯದಲ್ಲಿ ‘ಅಟ್ಟ’ ಎಂದೇ ಹೆಸರು. ಬೇಂದ್ರೆಯವರಿಂದ ಹಿಡಿದು ಆಗಷ್ಟೇ ಬರೆಯತೊಡಗಿದ ಹುಡುಗರವರೆಗೆ ಹತ್ತಿ ಇಳಿದ ಅಟ್ಟ ಅದು. ಮಾಲೆಗೆ ಸಾಹಿತ್ಯ ಸಲಹೆಗಾರರಾಗಿ ಬಂದ ಕೀರ್ತಿನಾಥ ಕುರ್ತಕೋಟಿಯವರು (1928–2003) ಆ ಅಟ್ಟದ ಮುಖ್ಯ ಓದುಗ. ಬರೆಯುವವರಿಗೆ ಹೆಸರು ಸಿಗುತ್ತದೆ, ಪ್ರಕಟಿಸುವವರಿಗೆ ಅಷ್ಟಿಷ್ಟು ಸಿಗುತ್ತದೆ. ಹಸ್ತಪ್ರತಿ ಓದಿ ‘ಇದು ಬರಲಿ’ ಎನ್ನುವವನ ಕೆಲಸ ಮಾತ್ರ ಪುಸ್ತಕದ ಯಾವ ಪುಟದಲ್ಲೂ ಕಾಣುವುದಿಲ್ಲ.

ಆ ಕೆಲಸದ ತೂಕ ತಿಳಿಯಬೇಕಾದರೆ ಗಿರೀಶ ಕಾರ್ನಾಡರ ಉದಾಹರಣೆ ನೋಡಬೇಕು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಕನಸು ಕಟ್ಟಿಕೊಂಡು ಆಕ್ಸ್‌ಫರ್ಡಿಗೆ ಹೊರಟಿದ್ದ ತರುಣ ಅವರು. ಹೊರಡುವ ಮುನ್ನ ಬರೆದಿದ್ದ ‘ಯಯಾತಿ’ ನಾಟಕವನ್ನು 1961ರಲ್ಲಿ ಮಾಲೆ ಪ್ರಕಟಿಸಿತು. ಹೆಸರಿಲ್ಲದ ಹುಡುಗನ ಮೊದಲ ನಾಟಕ ಚಂದಾದಾರರ ಮನೆ ಸೇರಿತು. ವಿದೇಶದಲ್ಲೇ ನೆಲೆಸುವ ಯೋಚನೆ ಬಿಟ್ಟು ಮರಳಿ ಬರಲು ಈ ಪ್ರಕಟಣೆಯೂ ಕಾರಣವಾಯಿತೆಂದು ಕಾರ್ನಾಡರೇ ಮುಂದೆ ಹೇಳಿಕೊಂಡಿದ್ದಾರೆ.

ಅದಕ್ಕಿಂತ ಸ್ವಾರಸ್ಯದ ಸಂಗತಿ ನಂತರದ್ದು. ಮಾಲೆಗೆ 25 ವರ್ಷ ತುಂಬಿದ ನೆನಪಿಗೆ ‘ನಡೆದು ಬಂದ ದಾರಿ’ ಎಂಬ ಸಂಪುಟಗಳು ಬಂದವು. ಅದಕ್ಕಾಗಿ ಕುರ್ತಕೋಟಿಯವರು ಹೊಸಗನ್ನಡ ಸಾಹಿತ್ಯದ ಸಮೀಕ್ಷೆಯೊಂದನ್ನು ಬರೆದರು. ಒಳ್ಳೆಯ ಐತಿಹಾಸಿಕ ನಾಟಕಗಳು ನಮ್ಮಲ್ಲಿ ಇಲ್ಲ ಎಂಬ ಕೊರತೆಯನ್ನು ಅವರು ಅಲ್ಲಿ ಎತ್ತಿ ಹೇಳಿದ್ದರು. ಅದನ್ನು ಓದಿದ ಕಾರ್ನಾಡರಿಗೆ ಮಾತು ನಾಟಿತು. ಈಶ್ವರಿ ಪ್ರಸಾದರ ಇತಿಹಾಸದ ಪುಸ್ತಕ ತಿರುವಿಹಾಕುತ್ತ ಹೋದವರು ಮಹಮ್ಮದ ಬಿನ್ ತುಘಲಕನ ಬಳಿ ಬಂದು ನಿಂತರು. 1964ರಲ್ಲಿ ‘ತುಘಲಕ್’ ಅದೇ ಮಾಲೆಯಿಂದ ಪ್ರಕಟವಾಯಿತು. ಇಬ್ರಾಹಿಂ ಅಲ್ಕಾಜಿಯವರು ಅದನ್ನು ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದ್ದು ಭಾರತೀಯ ರಂಗಭೂಮಿಯ ದೊಡ್ಡ ಘಟನೆಗಳಲ್ಲಿ ಒಂದು. ಒಬ್ಬ ಓದುಗ ಬಿಚ್ಚುಮನಸ್ಸಿನಿಂದ ಹೇಳಿದ ಅಭಿಪ್ರಾಯದಿಂದ ನಾಟಕವೊಂದು ಹುಟ್ಟುವುದು ಅಪರೂಪವೇ ಸರಿ. ‘ಚೆನ್ನಾಗಿದೆ, ಎಲ್ಲರೂ ಓದಬೇಕು’ ಎಂಬ ಬೆನ್ನು ತಟ್ಟುವ ಮಾತಿನಿಂದ ಇದು ಆಗುತ್ತಿರಲಿಲ್ಲ. (ಹಿರಿಯರ ಬಳಿ ಹೋಗಿ ಮುನ್ನುಡಿ ಬರೆಸಿಕೊಳ್ಳುವ ನಮ್ಮ ಹಳೆಯ ರೂಢಿಯಲ್ಲಿ ಇಂಥ ಬೆನ್ನು ತಟ್ಟುವಿಕೆಗೇನೂ ಬರವಿಲ್ಲ.)

1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಅದನ್ನು ಪ್ರಕಟಿಸಿದ್ದೂ ಇದೇ ಮಾಲೆ. ಅಗ್ರಹಾರದ ಬದುಕನ್ನು ಒಳಗಿನಿಂದ ಪ್ರಶ್ನಿಸಿದ ಆ ಕಾದಂಬರಿ ಎಬ್ಬಿಸಿದ ವಾದವಿವಾದ ಗೊತ್ತೇ ಇದೆ. ಅಂಗಡಿಯಲ್ಲಿ ಕೊಳ್ಳುವವನಿಗೆ ಇಷ್ಟವಿಲ್ಲದ್ದನ್ನು ಬಿಟ್ಟುಬರುವ ಅನುಕೂಲವಿದೆ. ವರ್ಗಣಿ ಕೊಟ್ಟವನಿಗೆ ಅದಿಲ್ಲ, ಪುಸ್ತಕ ಆಗಲೇ ಮನೆಯೊಳಗೆ ಬಂದಿರುತ್ತದೆ. ಒಪ್ಪದವರೂ ಅದನ್ನು ಓದಿಯೇ ಜಗಳವಾಡಬೇಕಾಯಿತು. ಓದದೆ ಜಗಳವಾಡುವುದಕ್ಕಿಂತ ಇದು ಮೇಲಲ್ಲವೆ?

ಬೇಡಿಕೆಯ ದಾರಿ

ಹಾಗೆಂದು ಅಟ್ಟದ ಮೇಲಿನವರ ಆಯ್ಕೆಯೊಂದೇ ಕನ್ನಡದ ಓದನ್ನು ಬೆಳೆಸಿತು ಎನ್ನುವುದು ಅನ್ಯಾಯವಾದೀತು. ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬೇರೊಂದು ಲೋಕವನ್ನೇ ಕಟ್ಟಿದ್ದವು. ಅಲ್ಲಿ ಶಿಫಾರಸು ಮಾಡುವವರು ವಿಮರ್ಶಕರಲ್ಲ, ಪಕ್ಕದ ಮನೆಯವರು. ಅ.ನ.ಕೃ., ತ.ರಾ.ಸು. ಅವರ ಕಾದಂಬರಿಗಳು, ನಂತರ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕೃತಿಗಳು ಕೈಯಿಂದ ಕೈಗೆ ದಾಟಿದ್ದು ಹೀಗೆ. ರಟ್ಟು ಕಿತ್ತು, ಮೂಲೆ ಮಡಚಿ, ಕೊನೆಯ ಹಾಳೆ ಕಾಣೆಯಾದ ಪ್ರತಿಯೇ ಒಂದು ಪ್ರಶಸ್ತಿ ಪತ್ರ.

ವಿಮರ್ಶಕರಲ್ಲಿ ಹಲವರು ಈ ಓದನ್ನು ಹಗುರವಾಗಿ ಕಂಡರು. ಅ.ನ.ಕೃ. ಮೇಲೆ ಅಶ್ಲೀಲತೆಯ ಆರೋಪವೂ ಬಂತು. ವೇಶ್ಯಾ ಸಮಸ್ಯೆಯ ಕುರಿತ ತಮ್ಮ ಕಾದಂಬರಿಗಳ ಬಗೆಗಿನ ಟೀಕೆಗೆ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಆದರೆ ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದಿದ್ದ ಸಾವಿರಾರು ಮಂದಿಗೆ, ಮುಖ್ಯವಾಗಿ ಮಧ್ಯಾಹ್ನದ ಒಂದೆರಡು ಗಂಟೆ ಮಾತ್ರ ತಮ್ಮದಾಗಿದ್ದ ಗೃಹಿಣಿಯರಿಗೆ, ಓದಿನ ರುಚಿ ಹತ್ತಿಸಿದ್ದು ಇವೇ ಪುಸ್ತಕಗಳು. ಈ ಸಾಲ ಕನ್ನಡ ವಿಮರ್ಶೆಯ ಮೇಲೆ ಇನ್ನೂ ಉಳಿದಿದೆ.

ಮೂರನೆಯ ದಾರಿ ಸರ್ಕಾರದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಬಳಿಕ ಗ್ರಂಥಾಲಯಗಳ ಜಾಲ ಹರಡಿತು, ಪುಸ್ತಕಗಳ ಸಗಟು ಖರೀದಿ ಬಂತು. ಪ್ರಕಾಶಕರಿಗೆ ಇದು ಆಸರೆ. ಆದರೆ ಇಲ್ಲಿ ಆರಿಸುವುದು ಸಮಿತಿ, ಹಣ ಕೊಡುವುದು ಇಲಾಖೆ, ಓದುವವನು ಬೇರೆಲ್ಲೋ ಇದ್ದಾನೆ. ಆಯ್ಕೆ ತಪ್ಪಿದರೆ ಯಾರ ವರ್ಗಣಿಯೂ ನಿಲ್ಲುವುದಿಲ್ಲ. ಕಪಾಟಿಗಾಗಿಯೇ ಅಚ್ಚಾಗುವ ಪುಸ್ತಕಗಳ ಬಗ್ಗೆ ಸಾಹಿತ್ಯಾಸಕ್ತರ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ.

ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನದಿಂದ ಪುಸ್ತಕ ತಂದರು, ನೀನಾಸಮ್ ಶಿಬಿರಗಳಲ್ಲಿ ಊರಿನವರನ್ನೂ ಪರವೂರಿನವರನ್ನೂ ಕೂಡಿಸಿ ಓದಿಸಿದರು. ಪುಸ್ತಕ ಕೊಟ್ಟು ಸುಮ್ಮನಾಗದೆ ಓದಿದ ಮೇಲೆ ಮಾತಾಡಲು ಜಾಗವನ್ನೂ ಕೊಟ್ಟದ್ದು ಅಲ್ಲಿನ ವಿಶೇಷ.

ಅಟ್ಟದ ಕತೆಯೂ ಅಲ್ಲಿಗೇ ನಿಲ್ಲಲಿಲ್ಲ. 1993ರಲ್ಲಿ ಜಿ.ಬಿ. ಜೋಶಿಯವರು ತೀರಿಕೊಂಡ ನಂತರ ಮಗ ರಮಾಕಾಂತ ಜೋಶಿಯವರು ಮಾಲೆಯನ್ನು ಮುಂದುವರಿಸಿದರು. ‘ಯಯಾತಿ’ ಬಂದು 50 ವರ್ಷವಾದಾಗ, 2011ರಲ್ಲಿ, ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಪ್ರಕಟವಾಯಿತು. ಆ ಹೊತ್ತಿಗೆ ಜ್ಞಾನಪೀಠ ಪಡೆದಿದ್ದ ಅವರ ಪುಸ್ತಕವನ್ನು ಅಚ್ಚುಹಾಕಲು ಯಾವ ದೊಡ್ಡ ಪ್ರಕಾಶಕರಾದರೂ ಮುಂದೆ ಬರುತ್ತಿದ್ದರು. ಹಸ್ತಪ್ರತಿ ಹೋದದ್ದು ಮಾತ್ರ ಧಾರವಾಡದ ಅದೇ ಅಟ್ಟಕ್ಕೆ.