ಕೊಪ್ಪಳದ ಕೋಟೆಯು ಒಂದೇ ದಿನಕ್ಕೆ ಬಿದ್ದುದೇಕೆ?

ಹೂವಿನಹಡಗಲಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳವರಿಗೆ ತುಂಗಭದ್ರೆಯ ಆಚೆ ದಡದ ಹಮ್ಮಿಗಿಯು ದೂರದ ಊರಲ್ಲ. 1858ನೆಯ ಇಸವಿಯ ಬಂಡಾಯವು ಮೊದಲು ತಲೆಯೆತ್ತಿದುದು ಅಲ್ಲಿಯೇ. ಅದರ ಮುಂದಾಳು ಮುಂಡರಗಿಯ ಭೀಮರಾಯನು ಈಚೆ ದಡಕ್ಕೂ ಅಪರಿಚಿತನಲ್ಲ. ಬಳ್ಳಾರಿ ಸೀಮೆಯಲ್ಲಿ ಕುಂಪಣಿ ಸರಕಾರದ ತಹಸೀಲ್ದಾರನಾಗಿದ್ದು, ಆ ಚಾಕರಿಯನ್ನು ಕಳೆದುಕೊಂಡವನು. ದಫ್ತರಗಳ ನಡುವೆ ಕುಳಿತವನು ಕತ್ತಿ ಹಿಡಿದುದು ನಮ್ಮ ಅಧಿಕಾರಿ ಮಿತ್ರರಿಗೆ ವಿಚಿತ್ರವಾಗಿ ತೋರೀತು!

ಹಿಂದಿನ ವರ್ಷ ಜಾರಿಗೆ ಬಂದ ನಿಶ್ಶಸ್ತ್ರೀಕರಣದ ಕಾನೂನು ಜನರನ್ನು ಕೆರಳಿಸಿತ್ತು. ಆಯುಧಗಳನ್ನು ಒಪ್ಪಿಸಲಾರೆವೆಂದು ಹಲಗಲಿಯ ಬೇಡರು 1857ರ ನವೆಂಬರಿನಲ್ಲಿಯೇ ಕಾದಿ ಮಡಿದಿದ್ದರು. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳ ಮೇಲೆ ಸರಕಾರದ ಕಣ್ಣು ಬೀಳಲು, ಭೀಮರಾಯನೂ ಆ ಊರಿನ ಕೆಂಚನಗೌಡನೂ ಮೇ ತಿಂಗಳ ಕೊನೆಯಲ್ಲಿ ಬಹಿರಂಗವಾಗಿ ಎದ್ದರು. ಡಂಬಳದ ಖಜಾನೆಯ ಮೇಲೆ ಬಿದ್ದು, ಬಳಿಕ ಕೊಪ್ಪಳದ ಕೋಟೆಯನ್ನು ಹಿಡಿದರು.

ಅದು ಸಾಮಾನ್ಯ ದುರ್ಗವೇ? ಟಿಪ್ಪೂ ಸುಲ್ತಾನನು ಫ್ರೆಂಚರ ನೆರವಿನಿಂದ ಬಲಪಡಿಸಿದ ಆ ಕೋಟೆಯು 1790–91ರಲ್ಲಿ ನಿಜಾಮನ ಮತ್ತು ಆಂಗ್ಲರ ಕೂಡುಸೈನ್ಯವನ್ನು ಸುಮಾರು ಆರು ತಿಂಗಳು ತಡೆದು ನಿಲ್ಲಿಸಿತ್ತು. ಅದೇ ಕೋಟೆಯನ್ನು 1858ರ ಜೂನ್ 1ರಂದು, ಬಳ್ಳಾರಿಯಿಂದ ದಂಡೆತ್ತಿ ಬಂದ ಮೇಜರ್ ಹ್ಯೂಸನು ಒಂದೇ ದಿನದಲ್ಲಿ ತೆಗೆದುಕೊಂಡನು. ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತಲೇ ಬಿದ್ದರು.

ಕಲ್ಲು ಅದೇ, ಗೋಡೆಯೂ ಅದೇ. ಆದರೆ ಸುಲ್ತಾನನ ಕಿಲ್ಲೇದಾರನಿಗೆ ತೋಪು, ಮದ್ದು, ಉಗ್ರಾಣಗಳಿದ್ದುವು. ಇವರು ಕೋಟೆಯೊಳಗೆ ಕಳೆದುದು ಕೆಲವೇ ದಿನಗಳು. ಧೈರ್ಯಕ್ಕೆ ಕೊರತೆಯಿರಲಿಲ್ಲ; ನೆಲೆಯ ಆಯ್ಕೆಯಲ್ಲಿ ತಪ್ಪಾಯಿತೆಂದೇ ನಮ್ಮ ಅಭಿಪ್ರಾಯ. ಸ್ವಂತ ಇಚ್ಛೆಯಿಂದ ನೆರೆದ ಚಿಕ್ಕ ದಂಡಿಗೆ ಹೊಡೆದು ಮರೆಯಾಗುವುದೇ ಬಲ. ಡಂಬಳದ ಮಗ್ಗುಲಿಗೇ ಕಪ್ಪತಗುಡ್ಡವಿತ್ತು. ಕೂಡ್ಲಿಗಿ ಸೀಮೆಯ ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರಿಗೆ ಬೆಟ್ಟದ ಬೆಲೆಯು ಚೆನ್ನಾಗಿ ತಿಳಿದಿತ್ತು. ಭೀಮರಾಯನು ಬೆಟ್ಟವನ್ನು ಬಿಟ್ಟು ಬಾಗಿಲುಳ್ಳ ಊರನ್ನು ಸೇರಿದನು. ಶತ್ರುವಿಗೆ ಅವನನ್ನು ಹುಡುಕುವ ಶ್ರಮವೇ ಉಳಿಯಲಿಲ್ಲ. ನೆರವು ಬರಬಹುದೆಂದು ನೋಡಿದರೆ, ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನನನ್ನು ಕೊಂದ ನರಗುಂದದ ಬಾಬಾಸಾಹೇಬನ ಕೋಟೆಯೂ ಜೂನ್ 2ರಂದು ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು.

ಹಮ್ಮಿಗಿಯು ಮುಂಬಯಿ ಇಲಾಖೆಯದು, ಹಡಗಲಿಯು ಮದರಾಸಿನದು, ಕೊಪ್ಪಳವೋ ನಿಜಾಮನ ರಾಜ್ಯದ ಸಾಲಾರ್ ಜಂಗನ ಜಾಗೀರು. ಹ್ಯೂಸನ ಪಲ್ಟಣಿಗೆ ಈ ಮೇರೆಗಳು ಅಡ್ಡಬರಲಿಲ್ಲ. ಒಂದೇ ಭಾಷೆಯನ್ನಾಡುವ ಎರಡು ದಡಗಳ ಜನರ ನಡುವಿನಿಂದ ಅವು ತೊಲಗಿದುದು 1956ರಲ್ಲಿ.