ಲಂಡನ್ ಪ್ರವಾಸಕ್ಕೆ ಸಿಟಿ ಪಾಸ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮಕ್ಕಳು ಲಂಡನ್ನಿನಲ್ಲಿ ಓದುತ್ತಿದ್ದಾರೆ ಅಥವಾ ಕೆಲಸದಲ್ಲಿದ್ದಾರೆ ಎಂದು ತಂದೆ-ತಾಯಿ ನಾಲ್ಕೈದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿಬರುವುದು ಈಗ ಅಪರೂಪವಲ್ಲ. ವೀಸಾ, ವಿಮಾನದ ಟಿಕೆಟ್ ಕೈಗೆ ಬಂದ ಮೇಲೆ ಮೊಬೈಲಿನಲ್ಲಿ ಕಾಣಿಸಿಕೊಳ್ಳುವ ಜಾಹೀರಾತು ಸಿಟಿ ಪಾಸಿನದು. ಒಮ್ಮೆ ಹಣ ಕಟ್ಟಿದರೆ ಹತ್ತಾರು ತಾಣಗಳಿಗೆ ಪ್ರವೇಶ ಎಂಬುದು ಅದರ ಭರವಸೆ. ನಾಲ್ವರು ವಯಸ್ಕರಿಗೆ ಮೂರು ದಿನದ ಪಾಸ್ ಕೊಂಡರೆ ಅರ್ಧ ಲಕ್ಷ ರೂಪಾಯಿ ದಾಟುತ್ತದೆ. ಇಷ್ಟು ಹಣ ಹಾಕುವ ಮುಂಚೆ ಅರ್ಧ ಗಂಟೆ ಕುಳಿತು ಲೆಕ್ಕ ಮಾಡುವುದು ಒಳ್ಳೆಯದು.

ಪಾಸುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ದಿನದ ಲೆಕ್ಕದ್ದು: ಒಂದು, ಎರಡು, ಮೂರು ದಿನ ಹೀಗೆ. ಎರಡನೆಯದು ತಾಣಗಳ ಲೆಕ್ಕದ್ದು: ಮೂರೋ ನಾಲ್ಕೋ ತಾಣಗಳನ್ನು ಆರಿಸಿಕೊಂಡು, ಹಲವು ದಿನಗಳ ಅವಧಿಯಲ್ಲಿ ಬಿಡುವಾದಾಗ ನೋಡಬಹುದು. ದಿನದ ಪಾಸಿನಲ್ಲಿ ದಿನ ಎಂದರೆ 24 ಗಂಟೆಯಲ್ಲ, ಕ್ಯಾಲೆಂಡರಿನ ಒಂದು ದಿನಾಂಕ. ಮಧ್ಯಾಹ್ನ ಮೂರಕ್ಕೆ ಮೊದಲ ಸಲ ಸ್ಕ್ಯಾನ್ ಮಾಡಿದರೆ ಆ ದಿನ ಪೂರ್ತಿ ಖರ್ಚಾದಂತೆಯೇ. ಮೂರು ದಿನದ ಪಾಸಾದರೆ ಆ ಮೂರು ದಿನವೂ ಒಂದರ ಹಿಂದೆ ಒಂದು ಬರಬೇಕು. ನಡುವೆ ಒಂದು ದಿನ ಸುಸ್ತಾಗಿ ಮನೆಯಲ್ಲೇ ಉಳಿದರೆ ಆ ದಿನದ ಹಣ ಹೋದಂತೆ. ವಿಮಾನ ಇಳಿದ ದಿನವೇ ಪಾಸ್ ತೆರೆಯಬಾರದು ಎನ್ನುವುದು ಇದಕ್ಕೇ.

ಟವರ್ ಆಫ್ ಲಂಡನ್, ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಕೆಥೀಡ್ರಲ್ ಇವುಗಳಿಗೆ ಬಿಡಿ ಟಿಕೆಟ್ ತಲಾ 25ರಿಂದ 35 ಪೌಂಡಿನ ಆಸುಪಾಸು. ಮೂರು ದಿನದ ಪಾಸಿನ ಹಣ ಗಿಟ್ಟಬೇಕಾದರೆ ದಿನಕ್ಕೆ ಇಂಥ ಎರಡು ತಾಣವನ್ನಾದರೂ ನೋಡಬೇಕು, ಒಂದೇ ದಿನದ ಪಾಸಾದರೆ ಮೂರು. ಟವರ್ ಒಂದಕ್ಕೇ ಸರಾಗವಾಗಿ ಮೂರು ಗಂಟೆ ಬೇಕು. ಅಲ್ಲಿ ಮೆಟ್ಟಿಲುಗಳೂ ಬಹಳ. ಕೊಹಿನೂರ್ ಇರುವ ಆಭರಣ ಮಂದಿರದ ಮುಂದೆ ಬೇರೆಯದೇ ಸರದಿ ಇರುತ್ತದೆ, ಅದನ್ನು ಯಾವ ಪಾಸೂ ತಪ್ಪಿಸುವುದಿಲ್ಲ. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ದಿನಕ್ಕೆ ಒಂದೇ ದೊಡ್ಡ ತಾಣ ಎಂದುಕೊಳ್ಳುವುದು ಮೇಲು. ಪಾಸಿನಲ್ಲಿ ಸಾಮಾನ್ಯವಾಗಿ ದೊಡ್ಡವರು, ಮಕ್ಕಳು ಎಂದು ಎರಡೇ ದರ. ಬಾಗಿಲಲ್ಲಿ ಬಿಡಿ ಟಿಕೆಟ್ ಕೊಳ್ಳುವಾಗ ಹಿರಿಯರಿಗೆ ಹಲವು ಕಡೆ ರಿಯಾಯಿತಿ ಸಿಗುತ್ತದೆ. ಹೋಲಿಸುವಾಗ ಆ ರಿಯಾಯಿತಿ ದರವನ್ನೇ ಹಿಡಿಯಬೇಕು.

ಇನ್ನೊಂದು ಮಾತು ಜಾಹೀರಾತಿನಲ್ಲಿ ಕಾಣದು. ಲಂಡನ್ನಿನ ಅತ್ಯುತ್ತಮ ಮ್ಯೂಸಿಯಂಗಳಿಗೆ ಟಿಕೆಟ್ಟೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಎಲ್ಲವೂ ಉಚಿತ. ವಿಶೇಷ ಪ್ರದರ್ಶನಗಳಿಗಷ್ಟೇ ಹಣ. ನಮ್ಮ ಕಡೆಯವರಿಗೆ ಅಲ್ಲಿ ನೋಡಬೇಕಾದ್ದು ಬಹಳವಿದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದಲ್ಲಿದೆ, ಪಾರ್ಶ್ವನಾಥ ಸ್ವಾಮಿಯ ಪ್ರಾಚೀನ ಶಿಲ್ಪವೂ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಜಿನಬಿಂಬಗಳಿವೆ. ಗ್ಯಾಲರಿಗಳನ್ನು ದುರಸ್ತಿಗೆಂದು ಆಗಾಗ ಮುಚ್ಚುವುದರಿಂದ, ನಿಮಗೆ ಬೇಕಾದ್ದು ಪ್ರದರ್ಶನದಲ್ಲಿದೆಯೇ ಎಂದು ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಿ. ಇಂಥ ಕಡೆ ಕಳೆಯುವ ದಿನವನ್ನು ಪಾಸಿನ ದಿನಗಳೊಳಗೆ ಸೇರಿಸಿದರೆ ನಷ್ಟ ನಿಮ್ಮದೇ.

ವಾರದ ಲೆಕ್ಕವೂ ಇದೆ. ಭಾನುವಾರ ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಎರಡರಲ್ಲೂ ಪ್ರಾರ್ಥನೆಗೆ ಮಾತ್ರ ಅವಕಾಶ, ಪ್ರವಾಸಿಗರಿಗೆ ಇಲ್ಲ. ಶುಕ್ರವಾರದಿಂದ ಭಾನುವಾರದವರೆಗೆ ಪಾಸ್ ಕೊಂಡವರು ಈ ಎರಡನ್ನೂ ಮೊದಲ ಎರಡು ದಿನದಲ್ಲೇ ಮುಗಿಸಬೇಕಾಗುತ್ತದೆ. ಶನಿವಾರ ಅಬ್ಬೆ ಬೇಗ ಮುಚ್ಚುತ್ತದೆ ಎಂಬುದೂ ನೆನಪಿರಲಿ. ಬಕಿಂಗ್‌ಹ್ಯಾಮ್ ಅರಮನೆಯ ಒಳಭಾಗ ಮುಖ್ಯವಾಗಿ ಬೇಸಿಗೆಯಲ್ಲಿ ತೆರೆದಿರುತ್ತದೆ. ಕೆಲವು ತಾಣಗಳಿಗೆ ಪಾಸಿದ್ದರೂ ಸಮಯ ಮುಂಗಡ ಕಾದಿರಿಸಬೇಕು. ಪಾಸಿನ ಪಟ್ಟಿ ವರ್ಷ ವರ್ಷ ಬದಲಾಗುವುದರಿಂದ, ಹೋಗಿಬಂದ ನೆಂಟರು ಹೇಳಿದ್ದನ್ನು ನಂಬದೆ ಈಗಿನ ಪಟ್ಟಿಯನ್ನೇ ಓದಬೇಕು.

ರಾತ್ರಿಭೋಜನ ತ್ಯಾಗ ಪಾಲಿಸುವ ಮನೆಗಳಿಗೆ ಋತುವೇ ದೊಡ್ಡ ಪ್ರಶ್ನೆ. ಜೂನ್ ಕೊನೆಯಲ್ಲಿ ಲಂಡನ್ನಿನ ಸೂರ್ಯಾಸ್ತ ರಾತ್ರಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ. ಐದೂವರೆಗೆ ತಾಣಗಳು ಮುಚ್ಚಿದ ಮೇಲೂ ಮನೆಗೆ ಮರಳಿ ನಿಧಾನವಾಗಿ ಊಟ ಮಾಡಬಹುದು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕಕ್ಕೂ ಮುಂಚೆ! ಊಟ ಮೂರೂವರೆಗೆ ಮುಗಿಯಬೇಕೆಂದರೆ ತಾಣ ನೋಡುವ ಹೊತ್ತಿನಲ್ಲೇ ಅದಕ್ಕೆ ಬಿಡುವು ಮಾಡಿಕೊಳ್ಳಬೇಕು. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ಎಲ್ಲೆಂದರಲ್ಲಿ ಸಿಗದು, ಬುತ್ತಿ ಕಟ್ಟಿಕೊಂಡು ಹೋಗಬೇಕು. ಚಳಿಯಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂರುವುದು ಕಷ್ಟ. ಚಳಿಗಾಲದಲ್ಲಿ ಹೋಗುವ ಇಂಥ ಕುಟುಂಬಗಳಿಗೆ ದಿನದ ಪಾಸ್ ಹೊಂದುವುದೇ ಇಲ್ಲ. ತಾಣದ ಲೆಕ್ಕದ್ದು ಅಥವಾ ಬಿಡಿ ಟಿಕೆಟ್ ಸಾಕು.

ಹಾಗಾದರೆ ದಿನದ ಪಾಸ್ ಯಾರಿಗೆ? ಬೇಸಿಗೆಯಲ್ಲಿ ಹೋಗುವ, ಬೆಳಿಗ್ಗೆ ಬೇಗ ಹೊರಡಬಲ್ಲ, ಕಾಲಿನಲ್ಲಿ ಶಕ್ತಿಯಿರುವವರಿಗೆ. ಟವರ್ ಆಫ್ ಲಂಡನ್ ಮುಗಿಸಿ ಪಕ್ಕದಲ್ಲೇ ಇರುವ ಟವರ್ ಬ್ರಿಡ್ಜ್ ಹತ್ತಿ, ಮಧ್ಯಾಹ್ನ ಸೇಂಟ್ ಪಾಲ್ಸ್ ನೋಡಿದರೆ ಒಂದು ದಿನಕ್ಕೆ ಹಣ ಗಿಟ್ಟುತ್ತದೆ. ಹತ್ತಿರ ಹತ್ತಿರದ ತಾಣಗಳನ್ನು ಹೀಗೆ ಒಂದೇ ದಿನಕ್ಕೆ ಜೋಡಿಸಬೇಕು. ನಗರದ ಈ ಮೂಲೆಯಿಂದ ಆ ಮೂಲೆಗೆ ಓಡಾಡಿದರೆ ಅರ್ಧ ದಿನ ಟ್ಯೂಬಿನಲ್ಲೇ ಕಳೆಯುತ್ತದೆ.

ಓಡಾಟದ ಖರ್ಚು ಪ್ರವೇಶದ ಪಾಸಿನಲ್ಲಿ ಸೇರಿದೆ ಎಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ಸೇರಿರುವುದಿಲ್ಲ. ಟ್ಯೂಬ್, ಬಸ್ಸಿಗೆ ಆಯಿಸ್ಟರ್ ಕಾರ್ಡ್ ಅಥವಾ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಬಳಸಬೇಕು. ದಿನಕ್ಕೆ ಇಷ್ಟೇ ಎಂಬ ಮಿತಿ ಮುಟ್ಟಿದ ಮೇಲೆ ಆ ದಿನ ಹೆಚ್ಚು ಹಣ ಕಡಿತವಾಗುವುದಿಲ್ಲ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲಾಗದು, ಒಬ್ಬೊಬ್ಬರಿಗೂ ಒಂದೊಂದು ಬೇಕು. 11 ವರ್ಷದೊಳಗಿನ ಮಕ್ಕಳಿಗೆ ಹಣ ಕೊಟ್ಟ ದೊಡ್ಡವರ ಜೊತೆ ಟ್ಯೂಬಿನಲ್ಲಿ ಉಚಿತ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.

ಭಾನುವಾರವನ್ನು ಪಾಸಿಲ್ಲದ ದಿನವಾಗಿ ಇಟ್ಟುಕೊಂಡವರು ಲಂಡನ್ನಿನ ಉತ್ತರಕ್ಕೆ, ಪಾಟರ್ಸ್ ಬಾರ್ ಬಳಿಯ ಓಶ್ವಾಲ್ ಸೆಂಟರಿನ ಜಿನಮಂದಿರಕ್ಕೆ ಹೋಗಿಬರಬಹುದು. ಅಷ್ಟು ದೂರ ಬೇಡವೆನಿಸಿದರೆ ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅಲ್ಲಿಗೆ ಟಿಕೆಟ್ ಇಲ್ಲ, ಸರದಿಯೂ ಇಲ್ಲ.