ಕರೆ ಬರುತ್ತದೆ, ಮೆಸೇಜು ಮಾತ್ರ ಬಾರದು!

ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ನಮ್ಮವರ ಬಾಯಲ್ಲಿ ಅದು ಎಂ.ಸಿ.ಎಫ್. 1982ರಲ್ಲಿ ಆರಂಭವಾದ ಈ ಕೇಂದ್ರದಿಂದ ಹೊರಟ ಆಜ್ಞೆ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಮುಟ್ಟಿ, ಉತ್ತರ ಮರಳಲು ಕಾಲು ಸೆಕೆಂಡು ಸಾಕು. ಆದರೆ ಅದೇ ರಸ್ತೆಯ ಹಳ್ಳಿಯೊಂದರಲ್ಲಿ ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತು ಅರ್ಧ ಗಂಟೆಯಾದರೂ ಅಪ್ಪನ ಮೊಬೈಲಿಗೆ ಒಟಿಪಿ ಬಂದಿರುವುದಿಲ್ಲ. ಕರೆ ಬರುತ್ತದೆ, ವಾಟ್ಸಾಪ್ ಬರುತ್ತದೆ, ಮೆಸೇಜು ಮಾತ್ರ ಇಲ್ಲ! ಅರ್ಜಿಗೆ ಅದೇ ಕೊನೆಯ ದಿನವಾದರೆ ಗತಿಯೇನು?

ಗಾಬರಿ ಬೇಡ. ಮೆಸೇಜು ಸಾಗುವ ದಾರಿ ತಿಳಿದರೆ, ಅದು ಎಲ್ಲಿ ನಿಂತಿದೆ ಎಂದು ಹುಡುಕುವುದು ಕಷ್ಟವಲ್ಲ.

ಅಂಚೆಯಂತೆ ಒಂದು ದಾರಿ

ಜಗತ್ತಿನ ಮೊದಲ ಎಸ್ಸೆಮ್ಮೆಸ್ಸನ್ನು 1992ರ ಡಿಸೆಂಬರ್ 3ರಂದು ಬ್ರಿಟನ್ನಿನ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ಕಳುಹಿಸಿದರು. ಕ್ರಮ ಇಂದಿಗೂ ಹೆಚ್ಚುಕಡಿಮೆ ಅದೇ. ಸಂದೇಶ ನೇರವಾಗಿ ನಮ್ಮ ಕೈಗೆ ಬರುವುದಿಲ್ಲ. ಮೊದಲು ಮೊಬೈಲ್ ಕಂಪನಿಯ ಸಂದೇಶ ಕೇಂದ್ರ ಸೇರುತ್ತದೆ. ‘ಈ ನಂಬರು ಈಗ ಯಾವ ಟವರಿನ ಬಳಿ ಇದೆ?’ ಎಂದು ಆ ಕೇಂದ್ರ ವಿಚಾರಿಸಿ ಅಲ್ಲಿಗೆ ರವಾನಿಸುತ್ತದೆ. ಫೋನು ಆಫ್ ಆಗಿದ್ದರೆ ಸಂದೇಶವನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ಒಟಿಪಿಯ ಆಯುಸ್ಸು ಕೆಲವೇ ನಿಮಿಷ. ತಡವಾಗಿ ಬಂದರೆ ಬಂದೂ ಪ್ರಯೋಜನವಿಲ್ಲ.

ವಾಟ್ಸಾಪಿನ ದಾರಿಯೇ ಬೇರೆ, ಅದು ಇಂಟರ್‌ನೆಟ್ಟಿನದು. ಮನೆಯ ವೈಫೈನಲ್ಲಿ ವಾಟ್ಸಾಪ್ ಬಂದ ಮಾತ್ರಕ್ಕೆ ಮೆಸೇಜಿನ ದಾರಿ ಸರಿಯಿದೆ ಎನ್ನಲಾಗದು.

ಮೊದಲ ಪರೀಕ್ಷೆ

ಪ್ರಯೋಗಾಲಯದಲ್ಲಿ ಒಮ್ಮೆಗೆ ಒಂದನ್ನೇ ಬದಲಾಯಿಸಿ ನೋಡುತ್ತೇವಲ್ಲವೆ? ಇಲ್ಲೂ ಹಾಗೆಯೇ. ಪಕ್ಕದ ಮನೆಯವರ ಫೋನಿನಿಂದ ನಿಮ್ಮ ನಂಬರಿಗೆ ಒಂದು ಮೆಸೇಜು ಕಳುಹಿಸಲು ಹೇಳಿ.

ಅದೂ ಬರಲಿಲ್ಲವೆ? ಹಾಗಾದರೆ ದೋಷ ನಮ್ಮ ಕಡೆಯದು. ಕರೆನ್ಸಿ ಮುಗಿದಿದೆಯೇ ನೋಡಿ. ಫೋನನ್ನು ಆಫ್ ಮಾಡಿ ಆನ್ ಮಾಡಿ; ಆಗ ಅದು ಟವರಿನ ಬಳಿ ಹೊಸದಾಗಿ ಹಾಜರಿ ಹಾಕುತ್ತದೆ. ಬಟನ್ ಸೆಟ್ಟಾದರೆ ಹಳೆಯ ಮೆಸೇಜುಗಳು ತುಂಬಿ ಜಾಗವಿಲ್ಲದಿರಬಹುದು, ಅಳಿಸಿ. ಇಷ್ಟಾದರೂ ಬಾರದಿದ್ದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲಿ ಬಂದರೆ ತೊಂದರೆ ನಿಮ್ಮ ಫೋನಿನದು. ಅಲ್ಲೂ ಬಾರದಿದ್ದರೆ ಸಿಮ್ಮಿನದು ಅಥವಾ ಕಂಪನಿಯದು.

ಇಲ್ಲೊಂದು ಎಚ್ಚರಿಕೆ. ಅದೇ ನಂಬರಿಗೆ ಹೊಸ ಸಿಮ್ ಪಡೆದರೆ ಮೊದಲ 24 ಗಂಟೆ ಮೆಸೇಜು ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚನೆ ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ಮಾಡಿದ ನಿಯಮವಿದು. ಆದ್ದರಿಂದ ಅರ್ಜಿಯ ಕೊನೆಯ ದಿನ ಸಿಮ್ ಬದಲಿಸಲು ಓಡಬೇಡಿ!

ಪಕ್ಕದವರ ಮೆಸೇಜು ಬಂತೆ?

ಹಾಗಿದ್ದರೆ ಫೋನೂ ಸರಿ, ಸಿಮ್ಮೂ ಸರಿ. ‘ಸ್ಪ್ಯಾಮ್’, ‘ಬ್ಲಾಕ್’ ಎಂಬ ಪಟ್ಟಿಗಳನ್ನು ತೆರೆದು ನೋಡಿ, ಒಟಿಪಿ ಅಲ್ಲಿ ಕೂತಿರಬಹುದು. ಬಳಿಕ ನಂಬರನ್ನು ಪರೀಕ್ಷಿಸಿ. ಆಧಾರ್ ಒಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೆ ಮಾತ್ರ. ಎಷ್ಟೋ ಮನೆಗಳಲ್ಲಿ ಅದು ಎಂದೋ ಬಿಟ್ಟ ಹಳೆಯ ನಂಬರು! ಆಧಾರ್ ಕೇಂದ್ರಕ್ಕೆ ಹೋಗಿ ಬದಲಾಯಿಸಿಕೊಳ್ಳಬಹುದು.

ಕೆಲವೊಮ್ಮೆ ತಪ್ಪು ಕಳುಹಿಸುವವರ ಕಡೆಯದು. 2021ರ ಮಾರ್ಚ್ 8ರಂದು ಹೀಗಾಯಿತು. ನೋಂದಾಯಿಸದ ವಾಣಿಜ್ಯ ಸಂದೇಶಗಳನ್ನು ಸೋಸುವ ಹೊಸ ವ್ಯವಸ್ಥೆ ಜಾರಿಯಾದೊಡನೆ ದೇಶದಾದ್ಯಂತ ಒಟಿಪಿಗಳು ನಿಂತುಹೋದವು. ಮರುದಿನವೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅದನ್ನು ಏಳು ದಿನಗಳ ಮಟ್ಟಿಗೆ ತಡೆಹಿಡಿಯಬೇಕಾಯಿತು. ಇಂಥ ವೇಳೆ ‘ಮತ್ತೆ ಕಳುಹಿಸಿ’ ಗುಂಡಿಯನ್ನು ಪದೇ ಪದೇ ಒತ್ತಬೇಡಿ. ಸಾಮಾನ್ಯವಾಗಿ ಹೊಸ ಒಟಿಪಿ ಹುಟ್ಟಿದೊಡನೆ ಹಳೆಯದು ಸಾಯುತ್ತದೆ.

ಕನ್ನಡಕ್ಕೆ ಎಪ್ಪತ್ತೇ!

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸುವುದು 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ. ಕನ್ನಡದ ಒಂದೊಂದು ಚಿಹ್ನೆಗೆ 16 ಬಿಟ್ ಬೇಕು, ಭಾಗಿಸಿದರೆ 70! ಒತ್ತು, ಕೊಂಬುಗಳೂ ಈ ಎಣಿಕೆಗೆ ಸೇರುತ್ತವೆ. ಆದ್ದರಿಂದ ಉದ್ದನೆಯ ಕನ್ನಡ ಸಂದೇಶ ತುಂಡು ತುಂಡಾಗಿ ಪ್ರಯಾಣ ಮಾಡುತ್ತದೆ. ಒಂದು ತುಂಡು ತಡವಾದರೂ ಪೂರ್ತಿ ಸಂದೇಶ ಕಾಣದಿರಬಹುದು.

ಪೋಷಕರ ಗಮನಕ್ಕೆ

ಸುತ್ತಲಿನವರಿಗೆ ಸಿಗ್ನಲ್ ಇದ್ದು ನಿಮ್ಮ ಫೋನಿಗೆ ಮಾತ್ರ ಇದ್ದಕ್ಕಿದ್ದಂತೆ ಕರೆ, ಮೆಸೇಜು ಎರಡೂ ನಿಂತರೆ ಉದಾಸೀನ ಬೇಡ. ನಿಮ್ಮ ನಂಬರಿಗೆ ಬೇರೆ ಯಾರೋ ಸಿಮ್ ಪಡೆದಿರಬಹುದು. ತಕ್ಷಣ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ‘ನಿಮ್ಮ ಮೆಸೇಜು ಸರಿಮಾಡುತ್ತೇನೆ, ಒಟಿಪಿ ಹೇಳಿ’ ಎಂದು ಯಾರಾದರೂ ಫೋನು ಮಾಡಿದರೆ, ಎಷ್ಟೇ ಸಭ್ಯವಾಗಿ ಮಾತನಾಡಲಿ, ಹೇಳಬೇಡಿ.

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಅರ್ಜಿಗೂ ಅದೇ ಮಾತು. ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಫೋನಿಗೆ ಮೆಸೇಜು ಬರುತ್ತಿದೆಯೇ, ಆಧಾರಿನಲ್ಲಿರುವ ನಂಬರು ಯಾವುದು ಎಂದು ನೋಡಿಕೊಂಡರೆ, ಒಂದು ಒಟಿಪಿಗಾಗಿ ಮಗುವಿನ ವರ್ಷದ ವಿದ್ಯಾರ್ಥಿವೇತನ ತಪ್ಪುವುದಿಲ್ಲ.